ಮೌನಮುಷ್ಟಿಯ ಮನೆಯಾಕೆ

ಕನ್ನಡಕದಂಗಡಿಯ ಯಜಮಾನರಿಗೆ ಅಂಗಡಿಯ ಬೋರ್ಡಿನ ಮೇಲೆ ಬಿಟ್ಟರೆ ಬೇರೆಲ್ಲೂ ಯಜಮಾನಿಕೆ ಇರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಗೋಡೆಯ ಮೇಲಿನ ಅಕ್ಷರಗಳನ್ನು ತಪ್ಪಾಗಿ ಓದಿ, "ನಿಮ್ಮ ಬರಹವೇ ಸರಿಯಿಲ್ಲ" ಎಂದು ಅವರನ್ನೇ ಗದರುತ್ತಿದ್ದರು. ಮನೆಯಲ್ಲಿ ಹೆಂಡತಿಯ ತೀರ್ಪಿಗೆ ಮೇಲ್ಮನವಿಯೇ ಇರಲಿಲ್ಲ. ಆಕೆ ಇಪ್ಪತ್ತೆರಡು ವರ್ಷದಿಂದ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿ. ವಕೀಲರು ಒದರಿದ್ದನ್ನೆಲ್ಲ ತಲೆ ಬಗ್ಗಿಸದೆ, ಬೆರಳು ನೋಡದೆ ಟೈಪು ಮಾಡಿ ಮಾಡಿ, ಯಾರು ಸತ್ಯ ಹೇಳುತ್ತಾರೆ, ಯಾರು ರೈಲು ಬಿಡುತ್ತಾರೆ ಎನ್ನುವುದು ಆಕೆಗೆ ಕೆಮ್ಮಿನಲ್ಲೇ ತಿಳಿಯುತ್ತಿತ್ತು. ಇಂಥವಳ ಮುಂದೆ ಗಂಡ ಏನು ಬಿಟ್ಟಾನು, ಪಾಪ!

ಹೀಗಿರುವಾಗ ರಜೆಗೆ ಬಂದ ಮಗಳು, "ಅಪ್ಪಾ, ವಾರ್ತೆ ನೋಡಿ ಟೀವಿಗೆ ಬೈಯೋ ಬದಲು ಇದನ್ನ ಆಡು" ಎಂದು ಒಂದು ವಿಡಿಯೊ ಗೇಮ್ ಜೋಡಿಸಿಕೊಟ್ಟು ಹಾಸ್ಟೆಲಿಗೆ ಹೋದಳು. ಏಳು ಶಿಖರಗಳ ಮಾಯಾನಾಡು. ಆಡುವವನು ಒಂದು ಸಮರಕಲೆಯ ಪಂಥಕ್ಕೆ ಶಿಷ್ಯನಾಗಿ ಸೇರಬೇಕು, ಗುರುಸೇವೆ ಮಾಡಬೇಕು, ಪ್ರಾಣಶಕ್ತಿ ಗಳಿಸಬೇಕು. ಕೊನೆಗೆ ಸೂರಿನಿಂದ ಸೂರಿಗೆ ಹಾರುತ್ತ, ಅಂಗೈ ಬೀಸಿದರೆ ಬಂಡೆ ಪುಡಿಯಾಗುವ ಮಹಾವೀರನಾಗಬೇಕು. ಯಜಮಾನರು ತಮ್ಮ ವೀರನಿಗೆ 'ಮೌನಮುಷ್ಟಿ' ಎಂದು ಹೆಸರಿಟ್ಟರು. ಎರಡೇ ತಿಂಗಳಲ್ಲಿ ಆ ಮೌನಮುಷ್ಟಿ ಮಂಜುಶಿಖರ ಪಂಥದ ಉಪಗುರುವಾದ.

ಪಂಥದಲ್ಲಿ ನಲವತ್ತು ಜನ. ಎಲ್ಲರೂ ತಂತಮ್ಮ ಊರಲ್ಲಿ, ತಂತಮ್ಮ ಸೋಫಾಗಳಲ್ಲಿ ಕೂತವರು. ಮುಖ್ಯಸ್ಥ 'ಬಿಳಿಗಡ್ಡದ ಗುರು'. (ದನಿ ಕೇಳಿದರೆ ವಯಸ್ಸು ಮೂವತ್ತು ದಾಟಿರಲಾರದು, ನೆಗಡಿ ಮಾತ್ರ ಹಳೆಯದು.) ಎಲ್ಲರೂ ಮೈಕಿನಲ್ಲಿ ಹರಟುತ್ತಿದ್ದರೆ ಮೌನಮುಷ್ಟಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅದನ್ನು ಅವರು ತಪಸ್ಸೆಂದು ತಿಳಿದಿದ್ದರು. ಮೈಕು ತೆರೆದರೆ ಕುಕ್ಕರ್ ಕೂಗುವುದು ಕೇಳುತ್ತದೆಂಬ ಭಯ ಎನ್ನುವುದು ಯಜಮಾನರಿಗೊಬ್ಬರಿಗೇ ಗೊತ್ತು. ಒಮ್ಮೆ ಯಾರೋ ಕೇಳಿದ್ದಕ್ಕೆ, "ನಾನು ಒಬ್ಬಂಟಿ. ಎತ್ತರದಲ್ಲಿ ವಾಸ" ಎಂದು ಬರೆದು ಕಳಿಸಿದ್ದರು. ಎರಡನೆಯ ಮಾತು ಸುಳ್ಳಲ್ಲ. ಮನೆ ನಾಲ್ಕನೇ ಮಹಡಿ, ಲಿಫ್ಟು ಕೆಟ್ಟು ವರ್ಷವಾಗಿತ್ತು.

ಹೆಂಡತಿಗೆ ಇದೆಲ್ಲ ಹಿಡಿಸಿತ್ತೆಂದಲ್ಲ.

"ಏನ್ರೀ ಅದು? ಕಸ ಗುಡಿಸ್ತಿದೀರಾ?"

"ಗುರುಕುಲದ ಅಂಗಳ ಕಣೇ. ನೂರು ಸಲ ಗುಡಿಸಿದ್ರೆ ಒಂದು ಅಂಕ ಪ್ರಾಣಶಕ್ತಿ ಬರುತ್ತೆ."

"ನಮ್ಮ ಹಾಲ್ ಒಂದು ಸಲ ಗುಡಿಸಿ. ನನ್ನ ಪ್ರಾಣ ಉಳಿಯುತ್ತೆ."

ಆ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಮಹಾಸಮರ. ಕಣಿವೆ ಪಂಥದ 'ಕರಿಗಿಡುಗ' ಎಂಬವನು ಮಂಜುಶಿಖರಕ್ಕೆ ಸವಾಲು ಹಾಕಿದ್ದ. ಒಬ್ಬರಿಗೊಬ್ಬರು, ಮೂರು ಸುತ್ತು. ಸೋತರೆ ಶಿಖರವನ್ನೇ ಬಿಟ್ಟುಕೊಡಬೇಕು. ನಲವತ್ತು ಜನ ಕಲ್ಲು ಹೊತ್ತು ಕಟ್ಟಿದ ಗುರುಕುಲ ಕಂಡವರ ಪಾಲಾಗುತ್ತದೆ. ಎಲ್ಲರೂ ಒಮ್ಮತದಿಂದ ಮೌನಮುಷ್ಟಿಯನ್ನೇ ಆರಿಸಿದ್ದರು. ಇಷ್ಟು ಜನ ತಮ್ಮ ಮೇಲೆ ಭಾರ ಹಾಕಿದ್ದು ಯಜಮಾನರ ಜೀವಮಾನದಲ್ಲಿ ಅದೇ ಮೊದಲು. ಅಂದು ಊಟವೂ ಸರಿಯಾಗಿ ಸೇರಲಿಲ್ಲ.

ಮೊದಲ ಸುತ್ತು ಗೆದ್ದರು. ಎರಡನೆಯದರಲ್ಲಿ ಕರಿಗಿಡುಗ ಗಾಳಿಯಲ್ಲಿ ಮೂರು ಪಲ್ಟಿ ಹೊಡೆದು ಬಂದು ಮೌನಮುಷ್ಟಿಯನ್ನು ಕೊಳಕ್ಕೆ ಕೆಡವಿದ. ಮೂರನೆಯ ಸುತ್ತು ಶುರುವಾಗುವ ಹೊತ್ತಿಗೆ ಯಜಮಾನರ ಬಲ ಹೆಬ್ಬೆರಳು ಸೆಳೆದುಕೊಂಡು ಕೊಕ್ಕೆಯಂತೆ ನಿಂತುಬಿಟ್ಟಿತು.

"ಅಯ್ಯಯ್ಯೋ!" ಎಂದು ಹೆಡ್‌ಫೋನು ಕಿತ್ತೆಸೆದರು.

ಪಕ್ಕದಲ್ಲೇ ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಹೌಹಾರಿದಳು. "ಏನಾಯ್ತ್ರೀ? ಎದೆನೋವಾ?"

"ಎದೆ ಅಲ್ಲ, ಹೆಬ್ಬೆರಳು! ಈ ಕಂಟ್ರೋಲರ್ ಹಿಡ್ಕೊಳೇ, ಬೇಗ!"

"ನಾನಾ? ಬಟ್ಟೆ ಯಾರು ಮಡಿಸ್ತಾರೆ?"

"ನಾನು ಮಡಿಸ್ತೀನಿ!"

ಮದುವೆಯಾದ ಮೇಲೆ ಆಕೆ ಕೇಳದಿದ್ದ ಮಾತು. ಬೆಚ್ಚಿ ಬಿದ್ದು ಕೈ ಚಾಚಿದಳು. "ಯಾವ ಗುಂಡಿ ಏನು ಮಾಡುತ್ತೆ, ಒಂದೇ ಸಲ ಹೇಳಿ."

ಹೇಳಿದರು. ಅಷ್ಟೇ. ಬೆರಳುಗಳು ಕೆಲಸಕ್ಕೆ ಇಳಿದವು. ಪರದೆಯ ಮೇಲೆ ಮೌನಮುಷ್ಟಿ ಬಿದಿರಿನ ತುದಿಯಿಂದ ತುದಿಗೆ ಚಿಮ್ಮಿದ.

"ಒದಿ! ಒದಿಯೇ!"

"ಸುಮ್ನಿರಿ. ಅವನು ಸುಳ್ಳು ಹೆಜ್ಜೆ ಇಡೋಕೆ ಮುಂಚೆ ಪ್ರತಿ ಸಲ ಬಲ ಭುಜ ಕುಣಿಸ್ತಾನೆ. ಸುಳ್ಳು ಸಾಕ್ಷಿ ಗಂಟಲು ಸರಿ ಮಾಡ್ಕೊಳ್ಳೋ ಹಾಗೆ. ಮಂಚದ ಮೇಲೆ ಒದ್ದೆ ಟವೆಲು ಹಾಕಿಲ್ಲ ಅಂತ ನೀವು ಹೇಳೋವಾಗಲೂ ಹೀಗೇ ಕುಣಿಸ್ತೀರಿ."

"ಈಗ ಟವೆಲ್ ವಿಷಯ ಬೇಕಾ? ಪ್ರಾಣಶಕ್ತಿ ಎಷ್ಟಿದೆ ನೋಡ್ಕೋ!"

"ಎಲ್ಲಿ?"

"ಮೇಲೆ, ಬಲಗಡೆ, ಅಂಕಿ ಇದೆಯಲ್ಲ!"

"ಆಳು ಕುಣಿಯೋದು ಕಾಣುತ್ತೆ, ಅಂಕಿ ಕಾಣಲ್ಲ ರೀ."

"ಅಷ್ಟು ದೊಡ್ಡದಾಗಿ ಇದೆಯಲ್ಲೇ!"

"ಎರಡು ವರ್ಷದಿಂದ ದೂರದ್ದೆಲ್ಲ ಮಸುಕು. ಬಸ್ಸಿನ ಬೋರ್ಡನ್ನೂ ಪಕ್ಕದವರನ್ನ ಕೇಳಿ ಹತ್ತೋದು." ಬೆರಳು ಮಾತ್ರ ನಿಲ್ಲಲಿಲ್ಲ.

"ಎರಡು ವರ್ಷದಿಂದ? ನಂಗ್ಯಾಕೆ ಹೇಳ್ಲಿಲ್ಲ?"

"ಅಂಗಡಿ ಮುಚ್ಚಿ ಬಂದು ದಿನಾ 'ಇವತ್ತು ಅರವತ್ತು ಕಣ್ಣು ನೋಡಿ ಸಾಕಾಯ್ತು' ಅಂತೀರಿ. ಇನ್ನೆರಡು ಯಾಕೆ ಅಂತ ಸುಮ್ಮನಾದೆ."

ಯಜಮಾನರ ಕೈಯಲ್ಲಿದ್ದ ದಿಂಬಿನ ಕವರು ಹಾಗೇ ನಿಂತಿತು. ಆದರೆ ಯುದ್ಧ ಕಾಯುವುದಿಲ್ಲವಲ್ಲ; ಆಕೆಯ ಕಿವಿಯ ಹತ್ತಿರ ಬಗ್ಗಿ ಅಂಕಿಗಳನ್ನು ಓದಿ ಹೇಳತೊಡಗಿದರು. "ಮೂವತ್ತಿದೆ... ಇಪ್ಪತ್ತೆರಡು... ಅವನಿಗೆ ಹದಿನೈದು... ಹುಷಾರು ಕಣೇ, ನಮಗೆ ಒಂಬತ್ತು..."

ಕರಿಗಿಡುಗನ ಬಲ ಭುಜ ಕುಣಿಯಿತು. ಬೆರಳಚ್ಚುಗಾರ್ತಿ ಏಳು ಗುಂಡಿಗಳನ್ನು ಒಂದೇ ಉಸಿರಿಗೆ ಒತ್ತಿದಳು. ಕರಿಗಿಡುಗ ರೆಕ್ಕೆ ಸಮೇತ ಪ್ರಪಾತಕ್ಕೆ ಬಿದ್ದ.

ಆಗ ಬಟ್ಟೆರಾಶಿಯ ಒಳಗಿನಿಂದ ಜಯಘೋಷ ಕೇಳಿಬಂತು. ಯಜಮಾನರು ಟವೆಲುಗಳನ್ನು ಸರಿಸಿ ನೋಡಿದರು. ಹೆಡ್‌ಫೋನು ಕಿತ್ತೆಸೆದಾಗ ಎಲ್ಲೋ ತಗುಲಿ ಮೈಕು ತೆರೆದುಕೊಂಡಿತ್ತು. ನಲವತ್ತು ಜನರೂ ಆದಿಯಿಂದ ಅಂತ್ಯದವರೆಗೆ ಎಲ್ಲವನ್ನೂ ಆಲಿಸಿದ್ದರು.

"ಮೌನಮುಷ್ಟಿಗಳೇ," ಬಿಳಿಗಡ್ಡದ ಗುರು ಮೂಗೆಳೆದ, "ಒಬ್ಬಂಟಿ ಅಂದಿದ್ರಲ್ಲ?"

ಯಜಮಾನರು ಮೈಕು ಮುಚ್ಚುವ ಗುಂಡಿಗಾಗಿ ತಡಕಾಡಿದರು.

"ಹೋಗ್ಲಿ, ಕೆಲಸ ಏನು ನಿಮ್ದು?"

ಅವರು ಉತ್ತರಿಸುವ ಮೊದಲೇ ಹೆಂಡತಿ ಮೈಕಿಗೆ ಬಾಯಿಟ್ಟು, "ಕನ್ನಡಕದ ಅಂಗಡಿ ಕಣಪ್ಪ" ಎಂದಳು.

ಏಳೂ ಶಿಖರಗಳಲ್ಲಿ ಎದ್ದ ನಗುವಿಗೆ ಹೆಡ್‌ಫೋನು ಸೋಫಾದ ಮೇಲೆ ಕುಣಿಯಿತು.

ಪಂಥ ಅಲ್ಲೇ ಸಭೆ ಸೇರಿತು. ಉಪಗುರುವಿನ ಆಸನ ಅವಿರೋಧವಾಗಿ ಅಕ್ಕನಿಗೆ. ಅಣ್ಣನಿಗೆ ಹೊಸ ಶಿಷ್ಯನ ಸ್ಥಾನ. ಅದೂ ಅಕ್ಕನಿಗೆ ಕನ್ನಡಕ ಮಾಡಿಸಿಕೊಟ್ಟ ಮೇಲೆ.

ಮರುದಿನ ಅಂಗಡಿಯಲ್ಲಿ ಅವರೇ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದರು. ಮೂರನೆಯ ಸಾಲಿನಲ್ಲೇ ಆಕೆ ತಡವರಿಸಿದಾಗ, "ಊಹೆ ಮಾಡ್ಬೇಡ ಕಣೇ, ಕಾಣದಿದ್ರೆ ಕಾಣಲ್ಲ ಅನ್ನು" ಎಂದರು. ಅಂಗಡಿಯಲ್ಲಿ ಇದ್ದದ್ದರಲ್ಲೇ ಹಗುರವಾದ ಚೌಕಟ್ಟನ್ನು ಹುಡುಕಿ, ಗಾಜನ್ನು ತಾವೇ ಕೂತು ಉಜ್ಜಿ ಹೊಂದಿಸಿದರು.

ಗುರುವಾರ ಸಂಜೆ ಮನೆಯಲ್ಲಿ ಆಕೆ ಅದನ್ನು ಹಾಕಿಕೊಂಡು ಸುತ್ತ ನೋಡಿದಳು. ಕಿಟಕಿಯಾಚೆಯ ಮರದ ಎಲೆಗಳನ್ನು ಒಂದೊಂದಾಗಿ ನೋಡಿದಳು. "ಅಬ್ಬಾ, ಎಷ್ಟು ಚೆನ್ನಾಗಿ ಕಾಣ್ತಿದೆ ರೀ!" ಎಂದು ಖುಷಿಯಿಂದ ಗಂಡನ ಕಡೆ ತಿರುಗಿದವಳು ಹಾಗೇ ನಿಂತುಬಿಟ್ಟಳು. ನೆತ್ತಿಯಿಂದ ಹೊಟ್ಟೆಯವರೆಗೆ ನಿಧಾನವಾಗಿ ಕಣ್ಣು ಹಾಯಿಸಿದಳು.

"ಏನೇ ಹಾಗೆ ನೋಡ್ತೀಯ?"

"ಏನಿಲ್ಲ..." ಎಂದಳು. "ಇಷ್ಟು ದಿನ ದೂರದಿಂದ ನೀವು ಮದುವೆ ದಿನದ ಹಾಗೇ ಕಾಣ್ತಿದ್ರಿ."

ಯಜಮಾನರು ಸರಕ್ಕನೆ ಕೈ ಚಾಚಿದರು. "ಕೊಡು ಇಲ್ಲಿ ಅದನ್ನ. ನಂಬರ್ ಸ್ವಲ್ಪ ಜಾಸ್ತಿ ಆಗಿರ್ಬೇಕು."

ಆಕೆ ಕನ್ನಡಕವನ್ನು ಮೂಗಿನ ಮೇಲೆ ಭದ್ರವಾಗಿ ಏರಿಸಿಕೊಂಡು ನಕ್ಕಳು.

"ಇರ್ಲಿ ಬಿಡಿ. ನೋಡ್ತಾ ನೋಡ್ತಾ ರೂಢಿಯಾಗುತ್ತೆ."