ಸಕ್ಕರೆಯನ್ನು ಚಿನ್ನದ ಬಣ್ಣಕ್ಕೆ ತರಲು ಹೇಳಿದ ಮೇಡಂ ಅವರಿಗೆ

ಇವರಿಂದ: ಜೈನಬಮ್ಮ, ಆಲೆಟ್ಟಿ ಗ್ರಾಮ, ಸುಳ್ಯ ತಾಲೂಕು.

ಇವರಿಗೆ: ಹತ್ತೇ ನಿಮಿಷದಲ್ಲಿ ಅಡುಗೆ ಕಲಿಸುವ ವಿಡಿಯೋದ ಮೇಡಂ, ಬಿಳಿ ಕಲ್ಲಿನ ಅಡುಗೆಮನೆ, ಊರು ಗೊತ್ತಿಲ್ಲ.

ವಿಷಯ: ಬೆಚ್ಚಗಿನ ಬಾಳೆಹಣ್ಣು ಕ್ಯಾರಮೆಲ್ ಬ್ರೆಡ್ ಪುಡ್ಡಿಂಗ್ ಮತ್ತು ಅದರಿಂದ ನನ್ನ ಮನೆಗೆ ಆದ ಮಹೋಪಕಾರದ ಬಗ್ಗೆ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ನಂಬದಿರಲು ಕಾರಣವೂ ಇಲ್ಲ, ಏಕೆಂದರೆ ತಮ್ಮ ಅಡುಗೆಮನೆಯಲ್ಲಿ ಹೊಗೆಯಿಲ್ಲ, ಇರುವೆಯಿಲ್ಲ, ಹಾಲು ಉಕ್ಕುವುದಿಲ್ಲ, ಕೈ ಒರೆಸುವ ಬಟ್ಟೆಗೆ ಒಂದು ಕಲೆಯೂ ಇಲ್ಲ, ಇಂಥ ಕಡೆ ನಿಂತವರಿಗೆ ಯಾವ ಕಾಯಿಲೆ ತಾನೇ ಹತ್ತಿರ ಬಂದೀತು. ಪತ್ರ ಬರೆಯುವ ಕ್ರಮವನ್ನು ಆಲಂಕಾರಿನ ಶಾಲೆಯಲ್ಲಿ ವೆಂಕಟ್ರಮಣ ಮಾಸ್ಟ್ರು ನನಗೆ ಏಳನೆಯ ತರಗತಿಯಲ್ಲಿ ಕಲಿಸಿ ಹತ್ತಕ್ಕೆ ಎಂಟು ಅಂಕ ಕೊಟ್ಟಿದ್ದರು. ಐವತ್ತು ವರ್ಷ ಉಪಯೋಗಕ್ಕೆ ಬಾರದೆ ಬಿದ್ದಿದ್ದ ಆ ವಿದ್ಯೆಯನ್ನು ಹೊರಗೆ ತೆಗೆಸಿದ ಕೀರ್ತಿ ತಮ್ಮದು. ನಾವು ಮನೆಯೊಳಗೆ ಆಡುವುದು ಬ್ಯಾರಿ ಮಾತು. ತಮಗೆ ಅರ್ಥವಾಗಲೆಂದು ಎಲ್ಲವನ್ನೂ ಕನ್ನಡಕ್ಕೆ ತಿರುಗಿಸಿ ಬರೆದಿದ್ದೇನೆ. ತಾವು ನಮಗಾಗಿ ಇಷ್ಟು ಕಷ್ಟಪಟ್ಟಿಲ್ಲವಾದರೂ ಪರವಾಗಿಲ್ಲ.

ಮೊದಲು ನಮ್ಮವರ ವಿಷಯ ಹೇಳಬೇಕು. ನನ್ನ ಗಂಡ ಕಾಸಿಂ ಅವರು ಸುಳ್ಯದಲ್ಲಿ ಅಡಿಕೆ ವ್ಯಾಪಾರ ಮಾಡಿದವರು. ಅಡಿಕೆ ಒಣಗಿದೆಯೋ ಇಲ್ಲವೋ ಎಂದು ಎಲ್ಲರೂ ಕತ್ತರಿಯಿಂದ ಸೀಳಿ ನೋಡಿದರೆ ಇವರು ನಲವತ್ತು ವರ್ಷ ಹಲ್ಲಿನಲ್ಲೇ ಕಚ್ಚಿ ನೋಡಿದರು, ಬೇಡ ಎಂದರೆ ಕೇಳಲಿಲ್ಲ. ಕೊನೆಗೆ ಈ ಮಳೆಗಾಲದ ಆರಂಭದಲ್ಲಿ ಉಳಿದಿದ್ದ ಅಷ್ಟೂ ಹಲ್ಲನ್ನು ಕೀಳಿಸಬೇಕಾಯಿತು. ವಸಡು ಮಾಗಿ ಹೊಸ ಸೆಟ್ಟು ಕೂರಿಸಲು ಮೂರು ತಿಂಗಳು ಬೇಕೆಂದು ಡಾಕ್ಟರು ಹೇಳಿದರು. ಗಂಜಿ ಮಾಡಿಕೊಟ್ಟೆ. "ಗಂಜಿ ರೋಗಿಗಳಿಗೆ ಕೊಡುದು, ನಂಗೆ ಎಂತ ರೋಗ ಉಂಟು?" ಎಂದು ಮುಖ ತಿರುಗಿಸಿದರು. ರಾಗಿ ಕೊಟ್ಟೆ, ಸೂಪು ಕೊಟ್ಟೆ, ಮೀನು ಬಿಡಿಸಿ ಅನ್ನದಲ್ಲಿ ಕಿವುಚಿ ಕೊಟ್ಟೆ. ಹನ್ನೊಂದು ದಿನ ಬರೀ ಚಹಾ, ಮತ್ತೆ ಚಹಾ. ಮುಂಡು ನಿಲ್ಲದೆ ಸೊಂಟದ ಬೆಲ್ಟನ್ನು ಎರಡು ತೂತು ಒಳಗೆ ಹಾಕಿಕೊಂಡರು. ನಾನು ಮನೆಯಲ್ಲಿ ಗದರುತ್ತಾ ತಿರುಗಿದೆನಾದರೂ ಒಳಗೊಳಗೆ ಬಹಳ ಹೆದರಿದ್ದೆ.

ಹನ್ನೊಂದನೆಯ ದಿನ ಸೊಸೆ ಶಹನಾಳ ಮೊಬೈಲಿನಲ್ಲಿ ತಾವು ಪ್ರತ್ಯಕ್ಷರಾದಿರಿ. ಚಮಚದಿಂದ ಒತ್ತಿದರೆ ತಾನಾಗಿ ಕುಸಿಯುವ ಬ್ರೆಡ್ಡು, ಅದರೊಳಗೆ ಬಾಳೆಹಣ್ಣು, ಮೇಲಿನಿಂದ ಇಳಿಯುವ ಸಕ್ಕರೆ ಪಾಕ. ನಮ್ಮವರು ಮಂಚದಿಂದ ಎದ್ದು ಬಂದು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿ, "ಇದಾದ್ರೆ ತಿನ್ಬಹುದು ಮಾರಾಯ್ತಿ, ಇದಕ್ಕೆ ಹಲ್ಲೇ ಬೇಡ" ಎಂದರು. ಹನ್ನೊಂದು ದಿನದಲ್ಲಿ ಅವರು ಬಾಯಿಬಿಟ್ಟು ಕೇಳಿದ ಮೊದಲ ತಿಂಡಿ ಅದು. ಆ ಗಳಿಗೆಯಲ್ಲಿ ತಾವು ನನ್ನ ಪಾಲಿಗೆ ಎಷ್ಟು ದೊಡ್ಡವರಾಗಿ ಕಂಡಿರೆಂದರೆ, ಆ ತಪ್ಪು ತಿದ್ದಿಕೊಳ್ಳಲು ನನಗೆ ಪೂರಾ ಮೂರು ದಿನ ಹಿಡಿಯಿತು.

ತಾವು ಬಾಯಿ ತೆರೆದ ಕೂಡಲೇ "ಮನೆಯಲ್ಲಿ ಉಳಿದಿರುವ ನಿನ್ನೆಯ ಬ್ರೆಡ್ ತೆಗೆದುಕೊಳ್ಳಿ" ಎಂದು ಅಪ್ಪಣೆ ಕೊಟ್ಟಿರಿ. ನಮ್ಮ ಕಡೆ ಬ್ರೆಡ್ಡು ತರುವುದು ಯಾರಿಗಾದರೂ ಜ್ವರ ಬಂದಾಗ. ತಂದದ್ದನ್ನು ಜ್ವರ ಇಲ್ಲದವರು ಅದೇ ದಿನ ತಿಂದು ಮುಗಿಸುತ್ತಾರೆ, ಮುಗಿಸದಿದ್ದರೆ ಈ ಮಳೆಯ ಹವೆಗೆ ಮರುದಿನ ಅದರ ಮೇಲೆ ಹಸಿರು ಪಾಚಿ. ಹೀಗಾಗಿ ತಮ್ಮ ಮಾತಿಗೆ ಬೆಲೆ ಕೊಟ್ಟು ಶಹನಾ ಸುಳ್ಯಕ್ಕೆ ಹೋಗಿ ಶಾಫಿಯ ಬೇಕರಿಯಲ್ಲಿ ನಿನ್ನೆಯ ಬ್ರೆಡ್ ಉಂಟಾ ಎಂದು ಕೇಳಿದಳು. ಅಂಗಡಿ ತುಂಬ ಗಿರಾಕಿಗಳು. "ನಮ್ಮಲ್ಲಿ ಹಳೇದು ಇಡುದೇ ಇಲ್ಲ, ಯಾರು ಹೇಳಿದ್ದು ನಿಮ್ಗೆ?" ಎಂದು ಶಾಫಿಗೆ ಸಿಟ್ಟು ನೆತ್ತಿಗೇರಿತು. ತಾವು ಹೇಳಿದ ಹೆವಿ ಕ್ರೀಮು ಕೇಳಿದ್ದಕ್ಕೆ, ಕೇಕಿನ ಮೇಲೆ ಹಚ್ಚುವ ಗುಲಾಬಿ ಬಣ್ಣದ್ದು ಉಂಟು, ಬೇಕಾದರೆ ತೆಕ್ಕೊಂಡು ಹೋಗಿ ಎಂದನಂತೆ. ಅವಳು ತಾಜಾ ಬ್ರೆಡ್ಡು ತಂದು ಡಬ್ಬದಲ್ಲಿ ಮುಚ್ಚಿಟ್ಟಳು, ಅದು ನಿನ್ನೆಯದಾಗುವವರೆಗೆ ನಾವು ಅತ್ತೆ ಸೊಸೆ ಕಾವಲು ಕುಳಿತೆವು. ಶಾಫಿ ಈಗಲೂ ನಮ್ಮ ಮನೆಯವರನ್ನು ಕಂಡರೆ ಸಲಾಂ ಹೇಳಿ ಬೇರೆ ಕಡೆ ನೋಡುತ್ತಾನೆ. ದಯವಿಟ್ಟು ತಾವು ಅವನಿಗೆ ಪ್ರತ್ಯೇಕವಾಗಿ ಒಂದು ಕ್ಷಮಾಪಣೆ ಪತ್ರ ಕಳುಹಿಸಿ, ಅದನ್ನು ಬೇಕರಿಯ ಗಾಜಿಗೆ ಅಂಟಿಸುವ ಕೆಲಸ ನಾವು ಮಾಡುತ್ತೇವೆ.

ಆಮೇಲೆ ವೆನಿಲ್ಲಾ. ದೂರದ ದ್ವೀಪಗಳಲ್ಲಿ ಮಾತ್ರ ಬೆಳೆಯುವ, ನಮ್ಮ ಜನ ಹೆಸರೇ ಕೇಳಿರದ ಅಪರೂಪದ ಕೋಡು ಎಂದು ತಾವು ಅರ್ಧ ನಿಮಿಷ ಪಾಠ ಮಾಡಿದಿರಿ. ಪಕ್ಕದ ತೋಟದ ನೀಲಾವತಿ ಅಕ್ಕ ಆ ಹೊತ್ತಿಗೆ ನಮ್ಮ ಜಗಲಿಯಲ್ಲಿ ಕೂತಿದ್ದರು. ಇಪ್ಪತ್ತು ವರ್ಷದ ಹಿಂದೆ ಈ ಸುತ್ತಿನಲ್ಲಿ ವೆನಿಲ್ಲಾದ ಹುಚ್ಚು ಹಿಡಿದಾಗ ಪ್ರತಿ ಬೆಳಿಗ್ಗೆ ಹಲ್ಲುಕಡ್ಡಿ ಹಿಡಿದು ಒಂದೊಂದೇ ಹೂವಿಗೆ ಪರಾಗ ಮುಟ್ಟಿಸಿದವರು ಅವರು, ರೇಟು ಬಿದ್ದ ಮೇಲೆ ಬಳ್ಳಿಯನ್ನು ಕೈಯಾರೆ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದವರೂ ಅವರೇ. "ಎಂತ ಅಂತೆ, ದ್ವೀಪದಲ್ಲಾ? ಆ ಹೂವಿಗೆ ಮದುವೆ ಮಾಡ್ಸಿ ಮಾಡ್ಸಿ ನನ್ನ ಕುತ್ತಿಗೆ ಹೋಗಿದೆ, ಈ ಹೆಂಗಸಿಗೆ ಹೇಳಿ!" ಎಂದು ನಗಲು ಶುರು ಮಾಡಿದವರು ಮನೆಗೆ ಹೋಗಿ ಪೆಟ್ಟಿಗೆಯಿಂದ ರೇಷ್ಮೆ ಸೀರೆಗಳ ನಡುವೆ ಪರಿಮಳಕ್ಕೆಂದು ಇಟ್ಟಿದ್ದ ಒಂದು ಕೋಡು ತಂದುಕೊಟ್ಟರು. ಮುದುಡಿ ಕಪ್ಪಾಗಿದ್ದರೂ ಅದರ ವಾಸನೆ ಹಾಗೆಯೇ ಇತ್ತು. ಇಂಥ ಅಜ್ಞಾನಿಗಳ ಊರಿಗೆ ತಾವು ಬೆಳಕು ತಂದಿರಿ, ಅದಕ್ಕೆ ನೀಲಾವತಿ ಅಕ್ಕನ ಕುತ್ತಿಗೆಯ ಪರವಾಗಿಯೂ ನಮಸ್ಕಾರ.

ಈಗ ಮುಖ್ಯ ದೂರಿಗೆ ಬರುತ್ತೇನೆ. ಸಕ್ಕರೆ ಕರಗಿ ಚಿನ್ನದ ಬಣ್ಣ ಬಂದ ಕೂಡಲೇ ಒಲೆ ಆರಿಸಿ ಎಂದು ತಾವು ನಗುನಗುತ್ತಾ ಹೇಳಿದಿರಿ. ಯಾವ ಚಿನ್ನ, ಮೇಡಂ? ತಾವು ಅಷ್ಟು ಓದಿದವರು, ಬ್ಯಾರಿ ಹೆಂಗಸರ ಮುಂದೆ ಚಿನ್ನ ಎಂದು ಬರೀ ಬಾಯಿಮಾತಿಗೆ ಹೇಳಿ ಹೋಗಬಹುದೇ? ನನ್ನ ಕೈಯಲ್ಲಿರುವುದು ನನ್ನ ಉಮ್ಮನ, ಅಂದರೆ ತಾಯಿಯ ಕಾಲದ ಬಳೆ, ತಾಮ್ರ ಬೆರೆತ ಹಳೆಯ ಕೆಂಪು ಚಿನ್ನ. ಶಹನಾಳದು ನನ್ನ ಮಗ ಹಾರಿಸ್ ದುಬೈಯಿಂದ ತಂದದ್ದು, ನಿಂಬೆಹಣ್ಣಿನಂತೆ ಹಳದಿ. ಬಾಣಲೆಯ ಪಕ್ಕದಲ್ಲಿ ನಾನು ಒಂದು ಕೈ, ಅವಳು ಒಂದು ಕೈ ಹಿಡಿದು ಹೊಂದಿಸಿ ನೋಡುತ್ತಾ ನಿಂತೆವು. "ಮಾಮಿ, ಆಯ್ತು, ಇಳಿಸಿ" ಎಂದಳು ಅವಳು. ಆ ಹಳದಿಯನ್ನು ನಾನು ಹುಟ್ಟಿದ ಮೇಲೆ ಚಿನ್ನ ಎಂದು ಒಪ್ಪಿದವಳೇ ಅಲ್ಲ. "ಸುಮ್ನಿರು, ಇನ್ನೂ ಸ್ವಲ್ಪ ಕೆಂಪಾಗ್ಲಿ" ಎಂದೆ. ಒಪ್ಪುತ್ತೇನೆ, ಅಲ್ಲಿ ನನ್ನದೂ ಸ್ವಲ್ಪ ಹಟ ಇತ್ತು. ಆದರೆ ನನ್ನ ಬಳೆಯ ಬಣ್ಣ ಬಂದು, ಅದನ್ನು ನಾನು ಅವಳಿಗೆ ತೋರಿಸಿ, ಅವಳು ಹೌದು ಎನ್ನುವಷ್ಟರಲ್ಲಿ ಸಕ್ಕರೆ ರಸ್ತೆಗೆ ಹಾಕುವ ಡಾಂಬರಾಗಿತ್ತು. ಹೊಗೆಗೆ ನೀಲಾವತಿ ಅಕ್ಕ ಬೇಲಿಯಾಚೆಯಿಂದ "ಎಂತ ಸುಡುದು ನೀವು?" ಎಂದು ಕೂಗಿದರು. ಆ ಬಾಣಲೆ ಈಗಲೂ ಹಿತ್ತಲಿನಲ್ಲಿ ನೀರು ತುಂಬಿಕೊಂಡು ಬಿದ್ದಿದೆ. ಇನ್ನು ಮುಂದೆ ತಾವು ಚಿನ್ನದ ಬಣ್ಣ ಎನ್ನುವಾಗ ಯಾವ ದೇಶದ್ದು, ಯಾವ ಕಾಲದ್ದು, ಯಾರ ಮದುವೆಯಲ್ಲಿ ಬಂದದ್ದು ಎಂಬುದನ್ನು ಪರದೆಯ ಕೆಳಗೆ ಬರೆದು, ಅದೇ ಚಿನ್ನದ ಒಂದು ಬಳೆಯನ್ನು ನೋಡುವ ಪ್ರತಿ ಮನೆಗೂ ಮಾದರಿಗೆ ಕಳುಹಿಸಬೇಕಾಗಿ ವಿನಂತಿ.

ಇಷ್ಟಾದರೂ ತಮ್ಮ ಮೇಲಿನ ಗೌರವ ಪೂರ್ತಿ ಹೋಗಿರಲಿಲ್ಲ. ಮರುದಿನ ಬೇರೆ ಬಾಣಲೆಯಲ್ಲಿ ಶಹನಾಳ ಬಳೆ ನೋಡಿ ಪಾಕ ಮಾಡಿದೆವು, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಬಾಳೆಹಣ್ಣು ಎಂದಷ್ಟೇ ತಾವು ಹೇಳಿದ್ದರಿಂದ ಮನೆಯಲ್ಲಿದ್ದ ಮೈಸೂರು ಬಾಳೆ ಹಾಕಿದೆವು. ಹಾರಿಸ್ ತಂದುಕೊಟ್ಟ ಕರೆಂಟಿನ ಓವನ್ ಆರು ವರ್ಷದಿಂದ ಫ್ರಿಜ್ಜಿನ ಮೇಲೆ ಕೂತಿತ್ತು, ಅದರೊಳಗೆ ರೇಶನ್ ಕಾರ್ಡು, ಹಳೆ ಚಾರ್ಜರುಗಳು. ಎಲ್ಲ ಖಾಲಿ ಮಾಡಿ ತಾವು ಹೇಳಿದ ನೂರ ಎಂಬತ್ತು ಡಿಗ್ರಿಗೆ ತಿರುಗಿಸಿದೆವು. ಮಳೆಗಾಲದಲ್ಲಿ ನಮ್ಮ ಕರೆಂಟು ಇರುವುದೇನೋ ಇರುತ್ತದೆ, ಬಲ್ಬು ಉರಿಯುತ್ತಿದೆ ಎಂದು ಬಲ್ಬಿನ ಹತ್ತಿರ ಹೋದರೆ ಗೊತ್ತಾಗುತ್ತದೆ. ನಮ್ಮವರು ತಲೆ ಬಾಚಿ, ಕೈತೊಳೆದು, ಚಮಚ ಹಿಡಿದು ಮೇಜಿನ ಮುಂದೆ ಒಂದೂವರೆ ಗಂಟೆ ಕೂತರು. ತೆಗೆದು ನೋಡಿದರೆ ಮೇಲೆ ಕೆನೆಗಟ್ಟಿದಂತೆ ಏನೋ ಒಂದು, ಕೆಳಗೆ ಬೂದಿ ಬಣ್ಣದ ಹಾಲಿನಲ್ಲಿ ತೇಲುವ ಬ್ರೆಡ್ಡು. ಅವರು ಒಂದು ಚಮಚ ಬಾಯಿಗಿಟ್ಟು, "ಇದೂ ಗಂಜಿಯೇ ಅಲ್ವಾ" ಎಂದು ಮೆಲ್ಲಗೆ ಹೇಳಿ ಎದ್ದು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಸಿಟ್ಟು ಮಾಡಿದ್ದರೆ ನನಗೆ ಅಷ್ಟು ಬೇಸರವಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ತಮ್ಮ ವಿಡಿಯೋವನ್ನು ಮತ್ತೊಮ್ಮೆ ಹಾಕಿಸಿ ನೋಡಿದೆ. ಕೊನೆಯಲ್ಲಿ ತಾವು ಚಮಚವನ್ನು ತುಟಿಯ ಹತ್ತಿರ ತಂದು, ಅದು ಬಾಯಿಯೊಳಗೆ ಹೋಗುವ ಮೊದಲೇ ಕಣ್ಣು ಮುಚ್ಚಿ "ವಾವ್" ಎನ್ನುತ್ತೀರಿ. ನುಂಗಿದ್ದು ಮಾತ್ರ ಎಲ್ಲೂ ಇಲ್ಲ. ನನಗೆ ಆಗ ಮೈಯೆಲ್ಲ ಉರಿದುಹೋಯಿತು.

ಮೂರನೆಯ ದಿನ ಮೊಬೈಲನ್ನು ಮಗುಚಿಟ್ಟೆ. ನನ್ನ ಉಮ್ಮ ನೇಂದ್ರ ಬಾಳೆಹಣ್ಣು, ಮೊಟ್ಟೆ, ತುಪ್ಪ ಸೇರಿಸಿ, ಪಾತ್ರೆಯ ಮುಚ್ಚಳದ ಮೇಲೆ ಕೆಂಡ ಹರಡಿ ಪೋಲ ಎಂಬ ತಿಂಡಿ ಮಾಡುತ್ತಿದ್ದರು; ಕೆಳಗಿನ ಬೆಂಕಿ ಸಣ್ಣ, ಮೇಲಿನ ಕೆಂಡ ಜೋರು, ಅಷ್ಟೇ ಅದರ ಗುಟ್ಟು. ಸಿಪ್ಪೆ ಕಪ್ಪಾಗುವಷ್ಟು ಹಣ್ಣಾದ ನೇಂದ್ರವನ್ನು ತುಪ್ಪದಲ್ಲಿ ಬಾಡಿಸಿದೆ. ಬ್ರೆಡ್ಡಿನ ಅಂಚು ತೆಗೆದು ಹರಿದು, ಮೊಟ್ಟೆ, ಹಾಲು, ನೀಲಾವತಿ ಅಕ್ಕನ ಕೋಡಿನ ಒಳಗಿನ ಕಪ್ಪು ಬೀಜ ಎಲ್ಲ ಕಲಸಿದೆ. ಸಕ್ಕರೆ ಪಾಕವನ್ನು ಯಾರ ಬಳೆಯನ್ನೂ ನೋಡದೆ ಮೂಗಿನಿಂದಲೇ ಹಿಡಿದೆ, ಸುಟ್ಟ ವಾಸನೆ ಬರುವ ಒಂದು ಗಳಿಗೆ ಮೊದಲು ಇಳಿಸಿ ಪಾತ್ರೆಯ ತಳಕ್ಕೆ ಸುರಿದೆ. ತೆಂಗಿನ ಗೆರಟೆ ಉರಿಸಿ ಕೆಂಡ ಮಾಡಿ ಮುಚ್ಚಳದ ಮೇಲೆ ಹಾಕಿದೆ. ಮುಕ್ಕಾಲು ಗಂಟೆಯ ಮೇಲೆ ತಟ್ಟೆಗೆ ಮಗುಚಿದಾಗ ಪಾಕ ನಾಲ್ಕೂ ಕಡೆ ಇಳಿದುಬಂತು. ಅದರ ಬಣ್ಣ ಕೆಂಪು ಚಿನ್ನದ್ದೋ ಹಳದಿ ಚಿನ್ನದ್ದೋ ಎಂದು ಶಹನಾ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮವರು ತಿಂದರು. ಮೇಡಂ, ಅವರು ತಿಂದರು. ಮೊದಲ ಚಮಚ ಅನುಮಾನದಿಂದ, ಎರಡನೆಯದು ಆತುರದಿಂದ, ಆಮೇಲೆ ಚಮಚ ಬಿಟ್ಟು ಕೈಯಿಂದ. ಬಟ್ಟಲಿನ ಬದಿಗೆ ಹತ್ತಿದ ಪಾಕವನ್ನು ಬೆರಳಿನಲ್ಲಿ ಒರೆಸುತ್ತಾ ಅವರು ಹೇಳಿದ ಮಾತನ್ನು ತಮ್ಮ ಗಮನಕ್ಕೆ ತರುವುದೇ ಈ ಪತ್ರದ ಮೂಲ ಉದ್ದೇಶ. "ಆ ಮೇಡಂ ಒಳ್ಳೆ ಕಲಿಸಿದ್ದಾರೆ ನೋಡು. ಹಲ್ಲಿಲ್ಲದವರ ಕಷ್ಟ ಅವ್ರಿಗೆ ಗೊತ್ತುಂಟು" ಎಂದರು. ಎಂದವರು ಶಹನಾಳ ಮೊಬೈಲು ಕೇಳಿ ತೆಗೆದುಕೊಂಡು, ಪಾಕ ಹತ್ತಿದ ಹೆಬ್ಬೆರಳಿನಿಂದಲೇ ತಮ್ಮ ವಿಡಿಯೋಗೆ ಲೈಕ್ ಒತ್ತಿದರು. ನಲವತ್ತಮೂರು ವರ್ಷ ಈ ಮನುಷ್ಯನಿಗೆ ಬೇಯಿಸಿ ಹಾಕಿದ್ದೇನೆ, ನನಗೆ ಸಿಕ್ಕಿದ ಅತಿ ದೊಡ್ಡ ಹೊಗಳಿಕೆ "ಉಪ್ಪು ಸರಿ ಉಂಟು". ಕೆಂಡದ ಬಿಸಿಗೆ ಕೆಂಪಾದ ಮುಖ ಹೊತ್ತು ನಾನು ಅಲ್ಲೇ ಎದುರಿಗೆ ನಿಂತಿದ್ದೆ. ಶಹನಾ ಏನೋ ಹೇಳಲು ಹೊರಟಳು, ನಾನು ಕಣ್ಣಿನಲ್ಲೇ ಬೇಡ ಎಂದೆ, ಏಕೆಂದರೆ ಅವರು ಇನ್ನೂ ಸ್ವಲ್ಪ ಉಂಟಾ ಎಂದು ಬಟ್ಟಲು ಮುಂದೆ ಚಾಚಿದ್ದರು. ಅಂದಿನಿಂದ ಹತ್ತು ದಿನ, ಪ್ರತಿ ಸಂಜೆ ಅದೇ ಬೇಕು. ಅದರ ಹಿಂದೆ ಈಗ ಮೀನು ಅನ್ನವೂ ಸದ್ದಿಲ್ಲದೆ ಇಳಿಯುತ್ತಿದೆ. ಅದಕ್ಕೂ ತಮ್ಮ ಹೆಸರೇ ಬರುತ್ತದೋ ಎಂದು ನಾನು ಕಾಯುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಆ ಲೈಕನ್ನು ದಯವಿಟ್ಟು ವಾಪಸು ಕಳುಹಿಸಿ. ಅದು ತಪ್ಪಿ ತಮ್ಮ ವಿಳಾಸಕ್ಕೆ ಬಂದಿದೆ, ತಮ್ಮಲ್ಲಿ ಲಕ್ಷಗಟ್ಟಲೆ ಇರುವಾಗ ಒಂದು ಕಡಿಮೆಯಾದರೆ ಗೊತ್ತೂ ಆಗುವುದಿಲ್ಲ, ನನ್ನ ಹತ್ತಿರ ಅದೊಂದೂ ಇಲ್ಲ. ಅಂಚೆಯಲ್ಲಿ ಕಳುಹಿಸಿದರೂ ಆಗಬಹುದು, ನಮ್ಮ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೇ ತಂದುಕೊಡುತ್ತಾರೆ. ಅದಾಗದಿದ್ದರೆ ತಾವೇ ಒಮ್ಮೆ ಆಲೆಟ್ಟಿಗೆ ದಯಮಾಡಿಸಿ, ತಮ್ಮ ಪುಡ್ಡಿಂಗನ್ನು ತಮ್ಮ ಕ್ರಮದಲ್ಲಿ ನಮ್ಮ ಓವನ್ನಿನಲ್ಲಿ ಮಾಡಿ, ಎಲ್ಲರೆದುರು ಒಂದು ಚಮಚವನ್ನಾದರೂ ನುಂಗಿ ತೋರಿಸಿ. ಹಿತ್ತಲಿನ ಬಾಣಲೆ ಉಜ್ಜಲು ಬೇಕಾದ ತೆಂಗಿನ ನಾರನ್ನು ನಾನು ತೆಗೆದಿಟ್ಟಿರುತ್ತೇನೆ.

ತಮ್ಮ ಉಪಕಾರವನ್ನು ಈ ಜನ್ಮದಲ್ಲಿ ಮರೆಯಲು ಆಗದ,
ತಮ್ಮ ವಿಶ್ವಾಸಿ,
ಜೈನಬಮ್ಮ

ವಿ.ಸೂ.: ಯಾರಿಗೆ ಬರೆಯುವುದು ಎಂದು ನಮ್ಮವರು ಕೇಳಿದರು. ಹೇಳಿದೆ. "ಒಳ್ಳೇದಾಯ್ತು, ನನ್ನದೂ ಒಂದು ಥ್ಯಾಂಕ್ಸ್ ಬರಿ" ಎಂದರು. ಗಂಡನ ಮಾತು, ಬರೆಯುತ್ತೇನೆ: ಥ್ಯಾಂಕ್ಸ್. ಅದು ಅವರದು, ತಾವು ಇಟ್ಟುಕೊಳ್ಳಿ. ಇವತ್ತು ಬೆಳಿಗ್ಗೆ ಅವರು ಬೆಲ್ಟನ್ನು ಒಂದು ತೂತು ಹೊರಗೆ ಹಾಕಿಕೊಂಡರು. ಅದು ನನ್ನದು.