ಚೆಂದದ ಆ್ಯಪಿಗೆ ಚಂದಾ ಯಾಕೆ?

ಇನ್ನು ಮುಂದೆ ನಮ್ಮ ಮನೆಯಿಂದ ಯಾವ ಆ್ಯಪಿಗೂ ಬಿಡಿಗಾಸು ಹೋಗುವುದಿಲ್ಲ ಎಂದು ಕಳೆದ ತಿಂಗಳ ಮೊದಲ ಭಾನುವಾರ, ಹಲ್ಲುಜ್ಜುತ್ತಲೇ, ಬಾಯ್ತುಂಬ ನೊರೆಯೊಂದಿಗೆ ಘೋಷಿಸಿದೆ. ಹೆಂಡತಿಗೆ ಅರ್ಥವಾಗಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಮತ್ತೊಮ್ಮೆ ಘೋಷಿಸಿದೆ.

ಹಿಂದಿನ ದಿನವಷ್ಟೇ ಕಚೇರಿಯಲ್ಲಿ ಪಕ್ಕದ ಮೇಜಿನ ಗೆಳೆಯ (ನಾವೆಲ್ಲ ಅವನನ್ನು ವಿಶ್ವಕೋಶ ಎನ್ನುತ್ತೇವೆ) ನನಗೆ ಓಪನ್ ಸೋರ್ಸ್ ಎಂಬ ಮಹಾಧರ್ಮದ ದೀಕ್ಷೆ ಕೊಟ್ಟಿದ್ದ. ಯಾರೋ ಪುಣ್ಯಾತ್ಮರು ಬಿಡುವಿನಲ್ಲಿ ಆ್ಯಪ್ ಬರೆದು ಲೋಕಕ್ಕೆ ಸುಮ್ಮನೆ ಕೊಟ್ಟುಬಿಡುತ್ತಾರಂತೆ. ದುಡ್ಡು ಕೇಳುವುದಿಲ್ಲ, ಜಾಹೀರಾತು ತೋರಿಸುವುದಿಲ್ಲ, ಒಳಗಿನ ಬರವಣಿಗೆಯನ್ನೂ ಬಚ್ಚಿಡುವುದಿಲ್ಲ. ಯಾರು ಬೇಕಾದರೂ ತೆರೆದು ಓದಬಹುದು. ನಾನೂ ತೆರೆದು ಓದಿದೆ. ಒಂದಕ್ಷರವೂ ಅರ್ಥವಾಗಲಿಲ್ಲ, ಗೌರವ ಮಾತ್ರ ಇಮ್ಮಡಿಯಾಯಿತು!

ಚೆಂದಕ್ಕೆ ಚಂದಾ ಕಟ್ಟುವುದು ದಡ್ಡತನ, ಉಚಿತವೇ ಉಚಿತ ಎಂಬ ಮಂತ್ರ ಜಪಿಸುತ್ತ ಒಂದು ವಾರದಲ್ಲಿ ಮನೆಯ ಫೋನುಗಳನ್ನೆಲ್ಲ ಶುದ್ಧೀಕರಿಸಿದೆ. ಹೊಸ ಆ್ಯಪುಗಳು ನೋಡಲು ಅಷ್ಟಕ್ಕಷ್ಟೇ, ನಿಜ. ಹವಾಮಾನದ್ದರಲ್ಲಿ ಮೋಡದ ಚಿತ್ರವಿರಲಿಲ್ಲ, ‘ಮೋಡ’ ಎಂದು ಬರೆದಿತ್ತು. ಆದರೇನಂತೆ, ನನಗೆ ಓದಲು ಬರುತ್ತದಲ್ಲ.

ಉಳಿದದ್ದು ಒಂದೇ ಕೋಟೆ. ಹೆಂಡತಿಯ ಅಳತೆ ಆ್ಯಪ್.

ನಮ್ಮ ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಗಿರಾಕಿಗಳ ಕತ್ತು, ಎದೆ, ತೋಳುಗಳೆಲ್ಲ ವರ್ಷಕ್ಕೊಮ್ಮೆ ಚಂದಾ ಕಟ್ಟುವ ಆ ಆ್ಯಪಿನಲ್ಲಿದ್ದವು. ಮುಟ್ಟಿದರೆ ಒಂದು ಗೊಂಬೆ ಗಿರ್ರನೆ ತಿರುಗಿ ತನ್ನ ಅಳತೆ ಒಪ್ಪಿಸುತ್ತಿತ್ತು. ಅಷ್ಟು ಚೆಂದ!

“ರೀ, ಬೇರೆ ಏನ್ ಬೇಕಾದ್ರೂ ಬದಲಾಯಿಸ್ಕೊಳ್ಳಿ. ಅದಕ್ಕೆ ಕೈ ಹಾಕ್ಬೇಡಿ. ಹೋಟೆಲಿನ ಆರ್ಡರ್ ಇದೆ.”

ಅದು ಅಂತಿಂಥ ಆರ್ಡರ್ ಅಲ್ಲ. ಹೊಸ ಹೋಟೆಲಿನ ಆರು ಮಂದಿಗೆ ಒಂದೇ ಬಗೆಯ ನೀಲಿ ಅಂಗಿ, ಜೇಬಿನ ಮೇಲೆ ಬಿಳಿ ದಾರದಲ್ಲಿ ಅವರವರ ಹುದ್ದೆ. ಒಪ್ಪಿಗೆಯಾದರೆ ಮಾಲಕಿಯ ಇನ್ನೂ ಮೂರು ಹೋಟೆಲುಗಳ ಬಟ್ಟೆಯೂ ನಮಗೇ. ಇಂಥದ್ದೊಂದು ಸಿಗಲೆಂದು ಅವಳು ಆರು ವರ್ಷ ರವಿಕೆಯ ತೋಳು ಗಿಡ್ಡ ಮಾಡುತ್ತ ಕಾದಿದ್ದಳು. ನನ್ನ ನಾದಿನಿ ಹೋಗಿ ಆರೂ ಜನರ ಅಳತೆ ತೆಗೆದು ಆ್ಯಪಿಗೆ ತುಂಬಿಯೂ ಆಗಿತ್ತು. ಅವರನ್ನು ಹೆಂಡತಿ ಇನ್ನೂ ಕಣ್ಣಲ್ಲಿ ಕಂಡಿರಲಿಲ್ಲ.

ನಾನು ಮೂರು ದಿನ ಅವಳ ತಲೆ ತಿಂದೆ. ನಾಲ್ಕನೆಯ ದಿನ, ತಿನ್ನಲು ಇನ್ನೇನೂ ಉಳಿದಿಲ್ಲವೆಂದು ಅವಳೇ ಫೋನು ಕೈಗಿತ್ತಳು. “ಒಂದೇ ಒಂದು ಅಂಕಿ ಆಚೀಚೆ ಆಗ್ಬಾರ್ದು.”

ಮಾತು ಕೊಟ್ಟೆ. ಕೊಟ್ಟ ಮಾತನ್ನು ಅಕ್ಷರಶಃ ಉಳಿಸಿಕೊಂಡೆ. ಅಲ್ಲೇ ಎಡವಟ್ಟಾದದ್ದು!

ಹಳೆಯ ಆ್ಯಪಿನಿಂದ ಹೋಟೆಲಿನವರ ಪಟ್ಟಿಯನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಎಡಗಡೆಯ ಕಾಲಂನಲ್ಲಿ ಹುದ್ದೆ, ಬಲಗಡೆ ಅಳತೆ. ಮ್ಯಾನೇಜರ್, ಕ್ಯಾಷಿಯರ್, ಶೆಫ್, ಸೆಕ್ಯೂರಿಟಿ, ಡ್ರೈವರ್, ಕ್ಲೀನರ್ ಎಂದು ಅಡ್ಡಾದಿಡ್ಡಿ ನಿಂತಿದ್ದರು. ನಾನು ಕಾನ್ವೆಂಟಿನಲ್ಲಿ ಓದಿದವನು. ಹಾಜರಿಯಿಂದ ಹಿಡಿದು ಊಟದ ಡಬ್ಬಿಯವರೆಗೆ ಅಲ್ಲಿ ಎಲ್ಲವೂ ಅಕ್ಷರಮಾಲೆಯ ಕ್ರಮದಲ್ಲೇ. ಕಚೇರಿಯಲ್ಲೂ ನನ್ನ ಕೆಲಸ ಕಡತ ಜೋಡಿಸುವುದೇ. ಕೈ ತುರಿಸಿತು. ಹುದ್ದೆಗಳನ್ನು ಅಕ್ಷರಕ್ರಮಕ್ಕೆ ತರುವ ಗುಂಡಿ ಒತ್ತಿದೆ. ಕಂಪ್ಯೂಟರ್ ಬಹಳ ವಿನಯದಿಂದ ಕೇಳಿತು, ಪಕ್ಕದ ಕಾಲಂ ಅನ್ನೂ ಜೊತೆಗೆ ಜರುಗಿಸಲೇ ಎಂದು.

ಬೇಡ ಎಂದೆ. ಅಂಕಿಗಳನ್ನು ಅಲುಗಿಸುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದೆನಲ್ಲ! ಆ ಪಟ್ಟಿಯನ್ನು ಹಾಗೇ ಹೊಸ ಉಚಿತ ಅಳತೆ ಆ್ಯಪಿಗೆ ತುಂಬಿದೆ.

ಬಟ್ಟೆ ಕತ್ತರಿಸುವ ದಿನ ಅವಳು ಒಮ್ಮೆ ಕತ್ತರಿ ನಿಲ್ಲಿಸಿದಳು. “ಮ್ಯಾನೇಜರಿಗೆ ನಲವತ್ತೆಂಟು ಇಂಚು ಎದೆ. ಸರೀನಾ ಇದು?”

“ಒಳಗಿರೋದನ್ನೆಲ್ಲ ತೆರೆದಿಟ್ಟಿರೋ ಆ್ಯಪ್ ಕಣೇ ಇದು. ಮುಚ್ಚಿಡೋಕೆ ಏನಾದ್ರೂ ಇದ್ದವರು ತಾನೇ ಸುಳ್ಳು ಹೇಳೋದು?”

ಅವಳು ನನ್ನನ್ನೊಮ್ಮೆ, ಬಟ್ಟೆಯನ್ನೊಮ್ಮೆ ನೋಡಿ ಕತ್ತರಿಸಿದಳು.

ಶುಕ್ರವಾರ ಸಂಜೆ ಐದಕ್ಕೆ ಹೋಟೆಲಿನ ಉದ್ಘಾಟನೆ. ಹೆಂಡತಿ, ಅವಳ ಚಿಕ್ಕ ಹೊಲಿಗೆ ಯಂತ್ರ ಮತ್ತು ಅದನ್ನು ಹೊತ್ತ ನಾನು ಬೆಳಿಗ್ಗೆ ಹನ್ನೊಂದಕ್ಕೇ ಅಲ್ಲಿದ್ದೆವು. ಮ್ಯಾನೇಜರ್ ನೂಲೆಳೆಯಂಥ ಮನುಷ್ಯ. ಅಂಗಿಯೊಳಗೆ ಹೊಕ್ಕವರು ಹೊರಬರುವ ದಾರಿ ಕಾಣದೆ ಅಲ್ಲೇ ತಡಕಾಡಿದರು. ಶೆಫ್‌ನ ಗುಂಡಿಗಳು ಹೊಟ್ಟೆಯ ಎದುರು ಸೋಲೊಪ್ಪಿ ಸಿಡಿದವು. ಆಜಾನುಬಾಹು ಸೆಕ್ಯೂರಿಟಿ ತನ್ನ ಅಂಗಿಯಲ್ಲಿ ಒಂದು ತೋಳನ್ನಷ್ಟೇ ತೂರಿಸಿ, ಇದು ಅಂಗಿಯೋ ಕೈಚೀಲವೋ ಎಂಬಂತೆ ನಿಂತ. ಮಾಲಕಿ ಕೈಕಟ್ಟಿಕೊಂಡರು. ಹೆಂಡತಿಯ ಮುಖದಲ್ಲಿ ರಕ್ತವಿರಲಿಲ್ಲ.

ನಾನು ಮೂಲೆಗೆ ಸರಿದು, ನಿಮ್ಮದು ಆ್ಯಪ್ ಅಲ್ಲ, ಆಪತ್ತು ಎಂದು ಅದನ್ನು ಬರೆದ ಪುಣ್ಯಾತ್ಮರಿಗೆ ಹಳೆಯ, ಹೊಸ ಎರಡೂ ಪಟ್ಟಿಗಳ ಸಮೇತ ಉಗ್ರ ಪತ್ರ ಕಳಿಸಿದೆ.

ಅಷ್ಟರಲ್ಲಿ ಕ್ಲೀನರ್ ಅಕ್ಕ, ನೆಲ ಒರೆಸುವುದು ಬಾಕಿಯಿದೆ ಎಂದು ಗೊಣಗುತ್ತ, ಸೆಕ್ಯೂರಿಟಿ ಬಿಸಾಕಿದ ಅಂಗಿಯನ್ನೇ ತೊಟ್ಟುಕೊಂಡಳು. ಅಳೆದು ಹೊಲಿದಂತಿತ್ತು! ಅಳೆದೇ ಹೊಲಿದದ್ದು, ಬಿಡಿ. ಎಲ್ಲರೂ ಮೇಜಿಗೆ ಮುಗಿಬಿದ್ದರು. ಐದು ನಿಮಿಷದಲ್ಲಿ ಆರೂ ಅಂಗಿ ಆರು ಮೈಗೆ ಹಿಡಿಸಿದವು. ಆದರೆ ಜೇಬಿನ ಪ್ರಕಾರ ಮ್ಯಾನೇಜರ್ ಕ್ಯಾಷಿಯರ್ ಆಗಿದ್ದರು, ಕ್ಯಾಷಿಯರ್ ಕ್ಲೀನರ್ ಆಗಿದ್ದ, ಶೆಫ್ ಡ್ರೈವರ್ ಆಗಿದ್ದ. ಡ್ರೈವರ್ ಶೆಫ್ ಆಗಿದ್ದನ್ನು ನೋಡಿ ಉದ್ಘಾಟನೆಯ ಊಟದ ಬಗ್ಗೆ ನನಗೇ ದಿಗಿಲಾಯಿತು. ಸೆಕ್ಯೂರಿಟಿ ಮಾತ್ರ ‘ಮ್ಯಾನೇಜರ್’ ಜೇಬಿನ ಮೇಲೆ ಕೈಯಾಡಿಸುತ್ತ, ಬಾಗಿಲಲ್ಲಿ ಯಾರೂ ಇಲ್ಲವಲ್ಲ ಎಂದು ಮ್ಯಾನೇಜರನ್ನೇ ಗದರಿದ.

ಹೆಂಡತಿಗೆ ಜೀವ ಬಂತು. “ಮೇಡಂ, ಅಂಗಿ ಸರಿಯಿದೆ. ಜೇಬು ಬಿಚ್ಚಿ ಅದಲು ಬದಲು ಮಾಡಿದ್ರೆ ಆಯ್ತು. ನಾಲ್ಕು ಗಂಟೆಗೆ ಮುಗಿಸ್ತೀನಿ.”

ನನ್ನ ಫೋನು ಟಿಣ್ ಎಂದಿತು. ಅವಳೇ ಇಸಿದುಕೊಂಡು ಗಟ್ಟಿಯಾಗಿ ಓದಿದಳು. “ನಮಸ್ಕಾರ. ಆ್ಯಪಿನಲ್ಲಿ ದೋಷ ಕಾಣಲಿಲ್ಲ. ನಿಮ್ಮ ಹೊಸ ಪಟ್ಟಿಯಲ್ಲಿ ಹುದ್ದೆಗಳನ್ನು ಮಾತ್ರ ಅಕ್ಷರಕ್ರಮಕ್ಕೆ ತರಲಾಗಿದೆ. ಹಾಗೇಕೆಂದು ದಯವಿಟ್ಟು ತಂದವರನ್ನು ಕೇಳಿ.”

ಓದಿ ಮುಗಿಸಿ ನನ್ನತ್ತ ತಿರುಗಿದಳು. “ಕೇಳ್ಲಾ?”

ನಾನು ಉಗ್ರಾಣದ ಆಲೂಗಡ್ಡೆ ಮೂಟೆಯ ಮೇಲೆ ಕುಳಿತು ಆರೂ ಜೇಬುಗಳ ಹೊಲಿಗೆ ಬಿಚ್ಚಿದೆ. ಅವಳು ಹೊಲಿದಳು. ನಾಲ್ಕಕ್ಕೆ ಮುಗಿಯಿತು. ಐದಕ್ಕೆ ಬಾಗಿಲು ತೆರೆಯಿತು. ಐದೂವರೆಗೆ ಮಾಲಕಿ ಹೆಂಡತಿಯ ಕೈ ಕುಲುಕಿ, ಉಳಿದ ಮೂರು ಹೋಟೆಲುಗಳ ಅಳತೆಗೆ ಯಾವಾಗ ಬರುತ್ತೀರಿ ಎಂದು ಕೇಳಿದರು.

ಮನೆಗೆ ಬಂದು ನಾನೇ ದೊಡ್ಡ ಮನಸ್ಸು ಮಾಡಿದೆ. ಹಳೇ ಆ್ಯಪೇ ಇರಲಿ, ಚಂದಾ ನಾನೇ ಕಟ್ಟುತ್ತೇನೆ ಎಂದೆ.

“ಬೇಡ ರೀ, ಇದೇ ಚೆನ್ನಾಗಿದೆ. ಯಾರ್ಯಾರು ಏನೇನು ಮಾಡ್ಬಹುದು ಅಂತ ಒಬ್ಬೊಬ್ಬರಿಗೂ ಬೇರೆ ಬೇರೆ ಹಾಕ್ಬಹುದು. ಹಳೇದರಲ್ಲಿ ಅದಕ್ಕೆ ಮೇಲೆ ದುಡ್ಡು ಕೇಳ್ತಿದ್ರು.”

ಪರದೆ ನನ್ನತ್ತ ತಿರುಗಿಸಿದಳು. ಅವಳ ಹೆಸರಿನ ಮುಂದೆ: ಸರ್ವಾಧಿಕಾರ. ನಾದಿನಿಯ ಮುಂದೆ: ಬರೆಯಬಹುದು. ನನ್ನ ಮುಂದೆ: ನೋಡಬಹುದು, ಮುಟ್ಟುವಂತಿಲ್ಲ.