ಈಮೇಲಿಗೊಂದು ಬೀಗ

ಪಾಂಡವಪುರದ ನನ್ನ ಗಂಡನ ಮನೆಗೆ ಬೀಗ ಇದೆ. ಅದರ ಕೀಲಿಕೈ ಎದುರುಮನೆಯಲ್ಲಿರುತ್ತದೆ. ಎದುರುಮನೆಯವರು ಊರಿಗೆ ಹೊರಟರೆ ಅವರ ಕೀಲಿಕೈ, ನಮ್ಮ ಕೀಲಿಕೈ ಎರಡೂ ಒಂದೇ ದಾರಕ್ಕೆ ಬಿದ್ದು ಮೂಲೆಯ ಹಿಟ್ಟಿನ ಗಿರಣಿಗೆ ಹೋಗುತ್ತವೆ. ರಾಗಿ ಬೀಸಿಸಲು ಬಂದವರೆಲ್ಲ ಆ ಗೊಂಚಲನ್ನು ನೋಡಿ, ಯಾರ ಮನೆಯಲ್ಲಿ ಯಾರಿಲ್ಲ ಎಂದು ತಿಳಿದುಕೊಂಡು ಹೋಗುತ್ತಾರೆ. ಇಷ್ಟಾದರೂ ನಮ್ಮ ಬೀದಿಯಲ್ಲಿ ಒಂದು ಚಮಚವೂ ಕಳುವಾದದ್ದಿಲ್ಲ. ಹೀಗಾಗಿ ಬೀಗ ಎನ್ನುವುದು ಬಾಗಿಲಿಗೆ ತೊಡಿಸುವ ಒಡವೆ ಎಂದೇ ನಮ್ಮತ್ತೆ ಪುಟ್ಟಗೌರಮ್ಮನವರ ನಂಬಿಕೆ.

ಇಂಥ ಮನೆಯಲ್ಲಿ, ಸಾವಿರದ ಒಂಬೈನೂರ ತೊಂಬತ್ತೊಂಬತ್ತನೇ ಇಸವಿಯಲ್ಲಿ, ಒಂದು ಗುಟ್ಟನ್ನು ಯಾರಿಗೂ ತಿಳಿಯದಂತೆ ಕಾಪಾಡುವ ಘನಕಾರ್ಯ ನನ್ನ ಹೆಗಲಿಗೆ ಬಿತ್ತು.

ನನ್ನ ಯಜಮಾನರು ಮಸ್ಕತ್ತಿನ ಒಂದು ಹಾಲಿನ ಡೈರಿಯಲ್ಲಿ ಯಂತ್ರ ರಿಪೇರಿ ಮಾಡುತ್ತಾರೆ. (ಅವರ ಹೆಸರನ್ನು ಇಲ್ಲಿಯೂ ಬರೆಯಲಾರೆ. ಅತ್ತೆ ಯಾರಿಂದಾದರೂ ಓದಿಸಿ ಕೇಳಬಹುದು.) ಮದುವೆಗೆಂದು ಸಿಕ್ಕ ರಜೆ ಮುಗಿದು ಹೊರಡುವ ಮೊದಲು ನನ್ನನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋದರು. ಗಂಜಾಂನಲ್ಲಿ ನಿಮಿಷಾಂಬೆಯ ದರ್ಶನ, ಆಮೇಲೆ ಹೊಳೆಯ ದಂಡೆಯಲ್ಲಿ ನೀರು ನೋಡುತ್ತ ಒಂದು ಗಳಿಗೆ ಕೂರುವುದು ಎಂದು ನಾನು ಮನಸ್ಸಿನಲ್ಲೇ ಕಾರ್ಯಕ್ರಮ ಹಾಕಿಕೊಂಡು ರೇಷ್ಮೆ ಸೀರೆ ಉಟ್ಟಿದ್ದೆ. ದರ್ಶನವೇನೋ ಆಯಿತು. ಹೊಳೆಯ ದಂಡೆಯ ಬದಲು ಬಸ್ ಸ್ಟಾಂಡಿನ ಹಿಂದಿನ ಕಂಪ್ಯೂಟರ್ ಸೆಂಟರಿನಲ್ಲಿ ಕೂರಿಸಿ, ನನ್ನ ಹೆಸರಿನಲ್ಲಿ ಒಂದು ಈಮೇಲು ತೆರೆದರು.

"ನೋಡು ಹೇಮಾ, ಇದಕ್ಕೊಂದು ಪಾಸ್‌ವರ್ಡು ಹಾಕ್ಬೇಕು. ಪಾಸ್‌ವರ್ಡು ಅಂದ್ರೆ ತಾಳಿ ಇದ್ದಂಗೆ. ಇನ್ನೊಬ್ಬರ ಕೊರಳಿಗೆ ಹಾಕಕ್ಕಾಗಲ್ಲ," ಎಂದರು.

"ಅಮ್ಮನಿಗೂ ಹೇಳಬಾರದಾ?"

"ಅಮ್ಮನಿಗೆ ಹೇಳೋದೂ ಒಂದೇ, ಸಂತೇಲಿ ಟಾಂಟಾಂ ಹೊಡಿಸೋದೂ ಒಂದೇ. ನಂಗೂ ಹೇಳ್ಬೇಡ."

ಆಮೇಲೆ ತಮ್ಮ ರೂಮಿನಲ್ಲೇ ಇರುವ ಕೆ.ಆರ್. ಪೇಟೆಯ ಸೋಮಯ್ಯನವರ ಕಥೆ ಹೇಳಿದರು. ಅವರು ತಮ್ಮ ಪಾಸ್‌ವರ್ಡನ್ನು ಜೊತೆಯವರ ಮುಂದೆ ಬಾಯಿಬಿಟ್ಟಿದ್ದರಂತೆ. ಯಾರೋ ಕಿಡಿಗೇಡಿ ಅವರ ಹೆಸರಿನಲ್ಲಿ 'ಶುಕ್ರವಾರ ಊರಿಗೆ ಬರುತ್ತಿದ್ದೇನೆ' ಎಂದು ಮನೆಗೆ ಬರೆದುಬಿಟ್ಟ. ಸೋಮಯ್ಯನವರ ಇಡೀ ಬಳಗ ವ್ಯಾನು ಮಾಡಿಕೊಂಡು, ಹಾರ ಹಿಡಿದುಕೊಂಡು, ಚಿತ್ರಾನ್ನ ಕಟ್ಟಿಕೊಂಡು ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೋಗಿ ಕತ್ತಲಾಗುವವರೆಗೆ ಕಾದಿತು. ಕೊನೆಗೆ ಹಾರವನ್ನು ವ್ಯಾನಿಗೇ ಹಾಕಿ ವಾಪಸಾದರಂತೆ.

ಈ ಕಥೆ ನನ್ನ ಮೇಲೆ ಅಗಾಧ ಪರಿಣಾಮ ಬೀರಿತು. ನಾನು ನಾಗಮಂಗಲದ ಕಾಲೇಜಿನಲ್ಲಿ ಬಿ.ಎ. ಮಾಡಿದವಳು. ಯಾರೂ ಊಹಿಸಲಾರದ ಒಂದು ಪದ ಬೇಕೆಂದು ಯೋಚಿಸಿದಾಗ, ಅದು ಹೊಳೆಯಲು ಕ್ಷಣವೂ ಬೇಕಾಗಲಿಲ್ಲ.

ಮದುವೆಯಾದ ವಾರ, ಹಿತ್ತಲಿನಲ್ಲಿದ್ದ ಇವರನ್ನು ನಾನು ಹೆಸರು ಹಿಡಿದು ಕೂಗಿಬಿಟ್ಟಿದ್ದೆ. ಅತ್ತೆ ಕೈಯಲ್ಲಿದ್ದ ಚೊಂಬನ್ನು ಅಲ್ಲೇ ಕೆಡವಿದರು. "ಅಯ್ಯಯ್ಯೋ, ಗಂಡನ್ ಹೆಸ್ರು ಕರೀತೀಯಲ್ಲಮ್ಮಿ! ಆಯಸ್ಸು ಕಮ್ಮಿಯಾಯ್ತದೆ ಕಣೆ!" ಅಂದಿನಿಂದ ಹೆಸರು ಬಂದ್. 'ರೀ' ಎಂದರೆ ಮಾವನೂ ತಿರುಗುತ್ತಾರೆ. (ಅತ್ತೆ ಅವರನ್ನು ಹಾಗೆಯೇ ಕರೆಯುವುದು.) ಹಾಗಾಗಿ ನಾವಿಬ್ಬರೇ ಇದ್ದಾಗ ಕರೆಯಲು ನಾನೊಂದು ಹೆಸರು ಇಟ್ಟೆ: ಅಚ್ಚುಬೆಲ್ಲ. ಬಣ್ಣವೂ ಅದೇ, ಮುಟ್ಟಿದರೆ ಗಟ್ಟಿ, ಸ್ವಲ್ಪ ಬಿಸಿ ತಾಗಿದರೆ ಕರಗುವ ಗುಣವೂ ಅದೇ. ಪ್ರಪಂಚದಲ್ಲಿ ಇಬ್ಬರಿಗೆ ಮಾತ್ರ ಗೊತ್ತಿರುವ ಆ ಹೆಸರನ್ನೇ ಈಮೇಲಿಗೆ ಬೀಗವಾಗಿ ಜಡಿದೆ.

ಅವರು ಹೋದ ಮೇಲೆ ಬುಧವಾರಕ್ಕೊಮ್ಮೆ ಶ್ರೀರಂಗಪಟ್ಟಣದ ಬಸ್ಸು ಹತ್ತಿ ಈಮೇಲು ನೋಡಿ ಬರುತ್ತಿದ್ದೆ. ಅತ್ತೆಗೆ ಇದು ಸರಿಬೀಳಲಿಲ್ಲ.

"ಅದೇನದು, ಮಗ ನಂದು, ಬೀಗ ನಿಂದು? ನೀನು ತವರಿಗೆ ಹೋದಾಗ ಕಾಗ್ದ ಬಂದ್ರೆ ಯಾರ್ ತೆಗೀಬೇಕು? ಎದ್ರುಮನೇಲಾದ್ರೂ ಹೇಳಿಟ್ಟೋಗು."

"ಅತ್ತೆ, ಅದನ್ನ ಯಾರಿಗೂ ಹೇಳೋ ಹಾಗಿಲ್ಲ."

"ಕದ್ಕೊಂಡೋಗಕ್ಕೆ ಅದ್ರೊಳ್ಗೆ ಏನದೆ, ಕೊಬ್ಬರಿಯಾ?"

ನನ್ನ ಪಾಠವನ್ನು ಶ್ರದ್ಧೆಯಿಂದ ಕೇಳಿದವರು ಮಾವ ಚಿಕ್ಕಸ್ವಾಮಿಯವರೊಬ್ಬರೇ. ಸಂಜೆ ಕರೆದ ಹಾಲನ್ನು ಡೈರಿಗೆ ಹಾಕಿ ಬಂದು ಜಗುಲಿಯಲ್ಲಿ ಕೂತರೆ, ಸೋಮಯ್ಯನವರ ಹಾರದ ಕಥೆಯನ್ನು ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದರು. "ಗಂಡನಿಗೂ ಹೇಳಬಾರದು ಮಾವ. ಯಾರಾದರೂ ಕೇಳಿದರೆ, ಅವರು ಎಷ್ಟೇ ನಂಟರು ಅಂದುಕೊಂಡು ಬಂದರೂ ನಂಬಬಾರದು," ಎಂದು ನಾನು ಮೇಷ್ಟರಂತೆ ಬೆರಳೆತ್ತಿ ಹೇಳಿದರೆ, "ಅಂಗಾ! ಭಾರಿ ಉಸಾರಾಗಿರ್ಬೇಕು ಬುಡವ್ವ," ಎಂದು ತಲೆದೂಗುತ್ತಿದ್ದರು.

ಆ ಬೇಸಿಗೆಯಲ್ಲಿ, ನಾನೂ ಇವರ ಬಳಿಗೆ ಮಸ್ಕತ್ತಿಗೆ ಹೋಗುವ ದಿನ ಹತ್ತಿರವಾಗುತ್ತಿದ್ದಂತೆ, ನನ್ನ ಮೈಮೇಲೆ ಅಮ್ಮ ಎದ್ದಿತು. ಚಿಕನ್ ಪಾಕ್ಸು ಎಂದು ಡಾಕ್ಟರು ಹೇಳಬಹುದು. ನಮ್ಮಲ್ಲಿ ಅದು ಸಾಕ್ಷಾತ್ ತಾಯಿಯೇ ಮನೆಗೆ ಬಂದಂತೆ. ಬೇವಿನ ಸೊಪ್ಪಿನ ಹಾಸಿಗೆ, ಒಗ್ಗರಣೆಯಿಲ್ಲದ ಅಡುಗೆ. ಹೊಸ್ತಿಲು ದಾಟುವಂತಿಲ್ಲ. ಮುಖ್ಯವಾಗಿ, ತಾಯಿ ಮೈಮೇಲಿರುವವಳನ್ನು ಯಾರೂ ಗದರುವಂತಿಲ್ಲ. ಅತ್ತೆಗೆ ಇದಕ್ಕಿಂತ ಕಠಿಣವಾದ ವ್ರತ ಇನ್ನೊಂದಿರಲಿಲ್ಲ.

ಅದೇ ಹೊತ್ತಿಗೆ ಬಂತು ಸುದ್ದಿ. ನಾನು ಇವರೊಡನೆ ಫೋನಿನಲ್ಲಿ ಮಾತಾಡುವ ಎಸ್.ಟಿ.ಡಿ. ಬೂತಿನ ಚಲುವಯ್ಯ ಬೀದಿಯಲ್ಲೇ ನಿಂತು ಕೂಗಿ ಹೇಳಿದರು. ನನ್ನ ವೀಸಾ ಆಗಿದೆ, ಅದರ ನಕಲನ್ನು ಈಮೇಲಿನಲ್ಲಿ ಕಳಿಸಿದ್ದಾರೆ, ಶನಿವಾರದೊಳಗೆ ಅದನ್ನು ಬೆಂಗಳೂರಿನ ಏಜೆಂಟನಿಗೆ ಮುಟ್ಟಿಸದಿದ್ದರೆ ವಿಮಾನದಲ್ಲಿ ನನ್ನ ಸೀಟು ಬೇರೆಯವರ ಪಾಲು, ಆಮೇಲೆ ರಜೆ ಮುಗಿಸಿ ಹಿಂತಿರುಗುವವರ ನೂಕುನುಗ್ಗಲಿನಲ್ಲಿ ದಸರಾವರೆಗೂ ಸೀಟಿಲ್ಲ. ಇವರು ಇಷ್ಟು ಹೇಳಿ, ಫೋನೇ ಸಿಗದ ಯಾವುದೋ ದೂರದ ಡೈರಿಗೆ ರಿಪೇರಿಗೆಂದು ಹೊರಟುಹೋಗಿದ್ದರು.

ದಸರಾವರೆಗೆ! ಬೇವಿನ ಸೊಪ್ಪಿನ ಮೇಲೆ ಎದ್ದು ಕೂತೆ.

ಮಾವ ಬಾಗಿಲಾಚೆ ನಿಂತು, "ನಾನೋಗಿ ತರ್ತೀನಿ ಕಣವ್ವ. ಅದೇನೋ ಬೀಗದ ಮಾತು, ಅದೊಂದ್ ಹೇಳ್ಬುಡು," ಎಂದರು.

ಮೀಸೆ ನರೆತ ಮಾವನ ಮುಂದೆ, ಅವರ ಮಗನನ್ನು ನಾನು ಅಚ್ಚುಬೆಲ್ಲ ಎಂದು ಕರೆಯುತ್ತೇನೆ ಎಂದು ಯಾವ ಬಾಯಿಂದ ಹೇಳಲಿ? ಮುಖದ ಗುಳ್ಳೆಗಳೆಲ್ಲ ಇನ್ನಷ್ಟು ಕೆಂಪಾದವು.

"ನಾನೇ ಹೋಗಿಬರ್ತೀನಿ ಮಾವ. ಮುಖಕ್ಕೆ ಸೆರಗು ಹಾಕ್ಕೊಂಡು..."

"ಇನ್ನೂ ತಲೆಗೆ ನೀರ್ ಹಾಕಿಲ್ಲ, ಹೊಸ್ತ್ಲು ದಾಟ್ತಾಳಂತೆ!" ಅತ್ತೆ ಅಡುಗೆಮನೆಯಿಂದ ಧಾವಿಸಿ ಬಂದರು. ಬಂದವರು ತಟ್ಟನೆ ನೆನಪಾಗಿ ಕೈಮುಗಿದರು. "ತಾಯಿ, ನಿಂಗಲ್ಲ ಕಣವ್ವ ಅಂದಿದ್ದು, ಶಾಂತವಾಗಿರು. ಲೇ ಹೇಮಾ, ಅದ್ಯಾಕೆ ಹೇಳಲ್ಲ ನೀನು?"

"ಅದು... ನಾಚಿಕೆ ಅತ್ತೆ."

"ನಾಚ್ಕೆಯಾ?" ಅತ್ತೆಯ ಕಣ್ಣು ಸಣ್ಣದಾಯಿತು. "ನಾಚ್ಕೊಳ್ಳೋ ಅಂತಾದ್ದು ಏನ್ ಮಡಗಿದ್ದೀಯ ಅದ್ರಲ್ಲಿ? ಯಾರ ಹೆಸ್ರದು? ತಾಯಿ, ನೀನು ಕಿವಿ ಮುಚ್ಕೊ. ಕಾಲೇಜ್ನಲ್ಲಿ ಓದ್ದೋಳು, ನಾಗಮಂಗ್ಲದೋನು ಯಾವನಾದ್ರೂ..."

"ಅತ್ತೆ!"

"ನಾನ್ ಕೇಳ್ತಿರೋದು ನನ್ ಸೊಸೇನ, ತಾಯಿ. ನೀನ್ಯಾಕ್ ಕೂಗ್ತೀಯ?"

ದೇವಿಗೂ ಸೊಸೆಗೂ ಒಂದೇ ಬಾಯಿಯಾದ್ದರಿಂದ ಯಾರು ಉತ್ತರ ಕೊಡಬೇಕೋ ತಿಳಿಯದೆ ನಾನು ಅಳತೊಡಗಿದೆ. ಅತ್ತೆ ಗಾಬರಿಯಾದರು. "ಅಯ್ಯೋ, ತಾಯಿ ಮುನಿಸ್ಕೊಂಡ್ಳು!" ಎಂದು ಮಜ್ಜಿಗೆ ತಂದು ನನಗೆ ಕುಡಿಸಿ, ಎಳನೀರು ತಂದು ಕುಡಿಸಿ, ಬೇವಿನ ಸೊಪ್ಪಿನಿಂದ ಗಾಳಿ ಹಾಕುತ್ತ, ನಡುನಡುವೆ "ಯಾರವ್ನು?" ಎಂದು ಮೆಲ್ಲಗೆ ಕೇಳುತ್ತಿದ್ದರು.

ಕೊನೆಗೆ ನನಗೆ ಸಾಕಾಯಿತು. ಇಲ್ಲದ ನಾಗಮಂಗಲದವನೊಬ್ಬನನ್ನು ತಲೆಗೆ ಕಟ್ಟಿಕೊಳ್ಳುವುದಕ್ಕಿಂತ ಇರುವ ಅಚ್ಚುಬೆಲ್ಲವೇ ಮೇಲು. ಕಣ್ಣು ಮುಚ್ಚಿ, ಗೋಡೆಯ ಕಡೆ ತಿರುಗಿ, "ಮಾವಾ, ಹೇಳ್ತೀನಿ, ಕೇಳಿಸ್ಕೊಳ್ಳಿ," ಎಂದೆ.

ತಿರುಗಿ ನೋಡಿದರೆ ಬಾಗಿಲು ಖಾಲಿ. ಮಾವ ಆಗಲೇ ಬಸ್ಸು ಹತ್ತಿದ್ದರು.

ಬೀಗವಿದ್ದ ಬಾಗಿಲಿಗೆ ಕೀಲಿಕೈ ಇಲ್ಲದೆ ಹೋದವರು ಏನು ತಂದಾರು? ದಸರಾವರೆಗೆ ಈ ಮನೆಯಲ್ಲಿ, ಈ 'ಯಾರವ್ನು' ಎಂಬ ಪ್ರಶ್ನೆಯ ಜೊತೆ ಬದುಕುವುದನ್ನು ಕಲ್ಪಿಸಿಕೊಳ್ಳುತ್ತ ಮಲಗಿದೆ. ಕಿಟಕಿಯಾಚೆ ಕಬ್ಬಿನ ಗಾಡಿಗಳು ನಿಧಾನವಾಗಿ ಹೋಗುತ್ತಿದ್ದವು. ಎಲ್ಲರೂ ಎಲ್ಲಿಗೋ ಹೋಗುತ್ತಿದ್ದಾರೆ, ನಾನೊಬ್ಬಳೇ ಇಲ್ಲಿ ಎನಿಸಿತು.

ಸಂಜೆ ಮಾವ ಬಂದರು. ಅಂಗಿಯೊಳಗಿಂದ ಮಡಿಸಿದ ಕಾಗದವೊಂದನ್ನು ತೆಗೆದು ಬಾಗಿಲ ಬಳಿ ಇಟ್ಟರು. ನನ್ನ ಫೋಟೊ, ಅರಬ್ಬಿ ಅಕ್ಷರ, ಮುದ್ರೆ. ನನ್ನ ವೀಸಾ!

"ಮಾವ, ಹೇಗೆ ತೆಗೆದ್ರಿ?"

ಮಾವ ನೆಲ ನೋಡಿದರು. ಕೆಮ್ಮಿದರು. "ಬಸ್ ಸ್ಟಾಂಡಲ್ಲಿ ಚಲುವಯ್ಯ ಸಿಕ್ದ. ಇಂಗಿಂಗೆ, ಸೊಸೆ ಏನೋ ನಾಚ್ಕೋತಾವ್ಳೆ ಅಂದೆ. ಅದ್ಕವನು, 'ನಾಚ್ಕೊಳ್ಳೋ ಅಂತಾದ್ದು ಅಂದ್ರೆ ಅಚ್ಚುಬೆಲ್ಲ ಇರ್ಬೇಕು ಕಣಣ್ಣ, ಅದ್ನೇ ಹೊಡ್ಸಿ ನೋಡು' ಅಂದ. ಸೆಂಟ್ರು ನಡ್ಸೋ ಆಯಮ್ಮ ಅಂಗೂ ಇಂಗೂ ಕುಟ್ಟಿದ್ರು. ತಕ್ಕೊಂಬುಡ್ತು."

"ಚಲುವಯ್ಯನವರಿಗೆ ಹೇಗೆ ಗೊತ್ತು?"

"ನೀನು ಫೋನಲ್ಲಿ ಕೂಗ್ತೀಯಲ್ಲವ್ವ," ಎಂದರು ಮಾವ, ಆದಷ್ಟೂ ಮೃದುವಾಗಿ. "ಲೈನು ಸರಿಯಾಗಿ ಸಿಗಲ್ಲ ಅಂತ 'ಅಚ್ಚುಬೆಲ್ಲಾ, ಕೇಳಿಸ್ತಾ? ಅಚ್ಚುಬೆಲ್ಲಾ, ಊಟ ಆಯ್ತಾ?' ಅಂತ. ಮೊದಮೊದ್ಲು ನೀನು ಬೆಲ್ಲದ ಯಾಪಾರ ಮಾಡ್ತೀಯ ಅನ್ಕೊಂಡಿದ್ರಂತೆ. ಆಲೆಮನೆ ದ್ಯಾವಯ್ಯ ರೇಟು ಕೇಳಕ್ಕೂ ಬಂದಿದ್ನಂತೆ. ಆಮೇಕೆ ಎಲ್ರಿಗೂ ತಿಳೀತು."

ಬೂತಿನ ಗಾಜಿನ ಬಾಗಿಲು ಮುಚ್ಚಿದರೆ ಮಾತು ಹೊರಗೆ ಹೋಗುವುದಿಲ್ಲವೆಂದು ನಾನು ನಂಬಿದ್ದೆ. ಬೇವಿನ ಸೊಪ್ಪಿನೊಳಗೆ ಮುಖ ಹುದುಗಿಸಿದೆ. ಅತ್ತೆ ಮಾತ್ರ ಗೆದ್ದವರಂತೆ ಉಸಿರುಬಿಟ್ಟರು. "ಅಷ್ಟೇಯಾ? ಅದು ನಂಗೂ ಗೊತ್ತಿತ್ತು. ಸದ್ಯ, ನಾಗಮಂಗ್ಲದೋನಲ್ಲ!"

ಏಜೆಂಟನಿಗೆ ಕಾಗದ ಮುಟ್ಟಿತು, ಸೀಟು ಉಳಿಯಿತು, ಮೈಮೇಲಿನ ತಾಯಿ ತಂಪಾದಳು. ನೀರು ಹಾಕಿಸಿಕೊಂಡು ಎದ್ದವಳೇ ಈಮೇಲು ನೋಡಲು ಶ್ರೀರಂಗಪಟ್ಟಣಕ್ಕೆ ಹೋದೆ. ಎಷ್ಟು ಬಾರಿ ಅಚ್ಚುಬೆಲ್ಲ ಎಂದು ಬರೆದರೂ ಅದು ಬಾಗಿಲು ತೆರೆಯಲಿಲ್ಲ. ಮನೆಗೆ ಬಂದು ಮಾವನಿಗೆ ಹೇಳಿದೆ.

"ಎಂಗೆ ತಗೀತದೆ? ಬದ್ಲಾಯ್ಸಿದ್ದೀನಲ್ಲ. ಊರಿಗೆಲ್ಲ ಗೊತ್ತಿರೋದು ಬೀಗ ಏನವ್ವ? ಸೆಂಟ್ರು ಆಯಮ್ಮನ್ನ ಆಚೆ ಕಳಿಸಿ ನಾನೇ ಒಂದ್ ಬೆರಳಲ್ಲಿ ಕುಟ್ಟಿ ಬಂದೆ." (ಮಾವನಿಗೆ ಲಾರಿಯ ನಂಬರು ಓದುವಷ್ಟು ಇಂಗ್ಲಿಷು ಬರುತ್ತದೆ.)

"ಏನಂತ ಮಾವ?"

ಮಾವ ಜಗುಲಿಯ ಆಚೆ ಈಚೆ ನೋಡಿದರು. "ಹೇಳ್ಬೌದಾ? ಗಂಡನ್ಗೂ ಹೇಳ್ಬಾರ್ದು, ನಂಟ್ರನ್ನೂ ನಂಬಬಾರ್ದು ಅಂತ ನೀನೇ ಅಲ್ವಾ ಪಾಠ ಹೇಳಿದ್ದು?"

"ಆದರೆ ಅದು ನನ್ನ ಈಮೇಲು ಮಾವ!"

"ಇನ್ನು ನಿಂಗ್ಯಾಕವ್ವ ಅದು? ಕಾಗ್ದ ಬರೆಯೋನ ತಾವ್ಕೇ ಹೋಗ್ತಿದ್ದೀಯ. ಇನ್ಮೇಕೆ ಕಾಗ್ದ ಕಾಯ್ಕೊಂಡಿರೋರು ನಾವಲ್ವಾ?"

ನಾನು ಒಳಗೆ ಹೋಗಿ ಬಿ.ಎ. ಸರ್ಟಿಫಿಕೇಟನ್ನು ಮಡಿಸಿ ಪೆಟ್ಟಿಗೆಗೆ ಹಾಕಿಕೊಂಡೆ.

ಈಗ ನಾನು ಮಸ್ಕತ್ತಿನಲ್ಲಿದ್ದೇನೆ. ವಾರಕ್ಕೊಮ್ಮೆ ಇವರ ಈಮೇಲಿನಿಂದ ನನ್ನ ಈಮೇಲಿಗೆ ಪತ್ರ ಬರೆಯುತ್ತೇನೆ. ಮಾವ ಬುಧವಾರದ ಬಸ್ಸಿಗೆ ಹೋಗಿ, ಸೆಂಟರಿನ ಆಯಮ್ಮನಿಂದ ಓದಿಸಿ, ಉತ್ತರ ಬರೆಸುತ್ತಾರೆ. ಕನ್ನಡದ ಮಾತು, ಇಂಗ್ಲಿಷಿನ ಅಕ್ಷರ. ಎಮ್ಮೆ ಕರು ಹಾಕಿದ್ದು, ನಾಲೆಗೆ ನೀರು ಬಿಟ್ಟದ್ದು, ಅತ್ತೆಯ ಮಂಡಿನೋವು ಎಲ್ಲವೂ ಬರುತ್ತದೆ. ಈಮೇಲು ನನ್ನ ಹೆಸರಿನಲ್ಲಿರುವುದರಿಂದ ಕೊನೆಯಲ್ಲಿ 'ಇಂತಿ, ಹೇಮಶ್ರೀ' ಎಂದೇ ಇರುತ್ತದೆ. ಓದುತ್ತ ಓದುತ್ತ, ನನ್ನನ್ನು ಅಲ್ಲೇ ಬಿಟ್ಟು ಬಂದಿದ್ದೇನೋ ಎಂದು ಕೆಲವೊಮ್ಮೆ ಗಾಬರಿಯಾಗುತ್ತದೆ.

ಆ ಈಮೇಲಿನಲ್ಲಿ ಇವರು ನನಗೆ ಬರೆದ ಹಳೆಯ ಪತ್ರಗಳಿವೆ. ಅವನ್ನೊಮ್ಮೆ ಓದಬೇಕೆನಿಸಿ, ಕಳೆದ ವಾರ ಬಹಳ ವಿನಯದಿಂದ ಪಾಸ್‌ವರ್ಡು ಕೇಳಿ ಬರೆದೆ. ನಿನ್ನೆ ಉತ್ತರ ಬಂತು:

'ಪಾಸ್‌ವರ್ಡು ಕೇಳುವ ನೀವು ಯಾರೋ ನಮಗೆ ಗೊತ್ತಿಲ್ಲ. ಸೋಮಯ್ಯನ ಮನೆಯವರಿಗೆ ಮೋಸ ಮಾಡಿದ ಹಾಗೆ ನಮಗೆ ಮಾಡಲಾಗುವುದಿಲ್ಲ. ನೀವು ನಿಜವಾಗಿಯೂ ನಮ್ಮ ಸೊಸೆಯೇ ಆಗಿದ್ದರೆ, ಗೌರಿ ಹಬ್ಬಕ್ಕೆ ಮನೆಗೆ ಬಂದು ಮುಖ ತೋರಿಸಿ ಕೇಳಿಕೊಂಡು ಹೋಗುವುದು. ಇಂತಿ, ಹೇಮಶ್ರೀ.'